ಲಿರ್‌ನ ಮಕ್ಕಳಿಗೆ ಚಿತ್ರ ಬರೆದ ನನ್ನ ಅನುಭವ

ಐರ್ಲೆಂಡಿನ ಮಕ್ಕಳೆಲ್ಲ ಕೇಳಿ ಬೆಳೆಯುವ ಕಥೆ ಲಿರ್‌ನ ಮಕ್ಕಳದು. ಮಲತಾಯಿ ಈಫಾ ನಾಲ್ಕು ಮಕ್ಕಳನ್ನು ಸರೋವರದಲ್ಲಿ ಸ್ನಾನಕ್ಕಿಳಿಸಿ, ಮಂತ್ರದ ಕೋಲು ತಾಗಿಸಿ ಹಂಸಗಳನ್ನಾಗಿ ಮಾಡುತ್ತಾಳೆ. ಡೆರವಾರಾ ಸರೋವರದಲ್ಲಿ 300 ವರ್ಷ, ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಮಾಯ್ಲ್ ಕಡಲಿನಲ್ಲಿ 300 ವರ್ಷ, ಪಶ್ಚಿಮದ ಅಟ್ಲಾಂಟಿಕ್ ತೀರದಲ್ಲಿ ಮತ್ತೆ 300 ವರ್ಷ ಶಾಪ. ಮೈ ಹಕ್ಕಿಯದಾದರೂ ಮಾತು, ಹಾಡು ಮನುಷ್ಯರವೇ ಉಳಿಯುತ್ತವೆ. ಡಬ್ಲಿನ್ನಿನಲ್ಲಿ ಕೆಲವು ಮನೆಗಳವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಇಲ್ಲಿನದೇ ಕಥೆಯನ್ನು ಕನ್ನಡದ ಚಿತ್ರಪುಸ್ತಕವಾಗಿ ಹೇಳೋಣ ಎಂದು ಮಾತಾಯಿತು. ಚಿತ್ರ ಬರೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ.

ಕಥೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಜಾಗ. ಮಾಯ್ಲ್ ಕಡಲಿನಲ್ಲಿ ಬಿರುಗಾಳಿ ಎದ್ದು ಅಕ್ಕ ತಮ್ಮಂದಿರು ಚೆಲ್ಲಾಪಿಲ್ಲಿಯಾಗುತ್ತಾರೆ. ಮೊದಲೇ ಮಾತಾಡಿಕೊಂಡಂತೆ ಸೀಲ್‌ಗಳ ಬಂಡೆಯ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದಾಗ, ಅಕ್ಕ ಫಿನೂಲಾ ತಮ್ಮಂದಿರಾದ ಕಾನ್ ಮತ್ತು ಫಿಯಾಕ್ರಾರನ್ನು ಎರಡು ರೆಕ್ಕೆಗಳ ಅಡಿಗೆ ಎಳೆದುಕೊಳ್ಳುತ್ತಾಳೆ, ಏಡ್‌ನನ್ನು ಎದೆಯ ಗರಿಗಳಲ್ಲಿ ಮುಚ್ಚಿಕೊಳ್ಳುತ್ತಾಳೆ. ಕೊನೆಗೆ ಶಾಪ ಕಳೆದು, ಮುಪ್ಪಾಗಿ, ಸಾವು ಹತ್ತಿರವಾದಾಗ ಅವಳು ಕೇಳಿಕೊಳ್ಳುವುದೂ ಅದನ್ನೇ: ನಮ್ಮನ್ನು ಒಂದೇ ಗುಂಡಿಯಲ್ಲಿ ಹೂಳಿ, ಕಾನ್ ಮತ್ತು ಫಿಯಾಕ್ರಾ ನನ್ನ ಎರಡು ಮಗ್ಗುಲಲ್ಲಿರಲಿ, ಏಡ್ ನನ್ನ ಮುಂದಿರಲಿ. ಬಿರುಗಾಳಿಯ ಚಿತ್ರವೂ ಸಮಾಧಿಯ ಚಿತ್ರವೂ ಒಂದೇ ವಿನ್ಯಾಸ. ಕಥೆ ಕಟ್ಟಿದವನು ಚಿತ್ರಗಾರನಿಗೆ ಎಂದೇ ಬಿಟ್ಟುಹೋದ ಸುಳಿವಿನಂತಿತ್ತು ಅದು. ಉಳಿದೆಲ್ಲ ಚಿತ್ರಗಳನ್ನೂ ಈ ಎರಡರ ಸುತ್ತ ಕಟ್ಟಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಶೈಲಿ ಯಾವುದು ಎಂಬ ಪ್ರಶ್ನೆ ಸುಲಭದ್ದಲ್ಲ. ಪ್ರಾಚೀನ ಯುರೋಪಿನ ಕೆಲ್ಟ್ ಜನರಿಂದ ಬಂದ ‘ಕೆಲ್ಟಿಕ್’ ಎಂಬ ಒಂದೇ ಹೆಸರಿನ ಕೆಳಗೆ ಅಂಗಡಿಗಳಲ್ಲಿ ಎಲ್ಲವೂ ಮಾರಾಟವಾಗುತ್ತದೆ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿ ದಿಬ್ಬದ ಮೂರು ಸುರುಳಿಯ ಚಿಹ್ನೆಯನ್ನೇ ತೆಗೆದುಕೊಳ್ಳಿ. ಆ ದಿಬ್ಬ ಕ್ರಿ.ಪೂ. 3200ರ ಸುಮಾರಿನದು. ಕೆಲ್ಟಿಕ್ ಭಾಷೆಗಳು ಐರ್ಲೆಂಡಿಗೆ ಬಂದದ್ದು ಅದಾದ ಎಷ್ಟೋ ಶತಮಾನಗಳ ಮೇಲೆ. ನಿಜವಾಗಿ ಕೆಲ್ಟರದು ಎನ್ನಬಹುದಾದ ಲಾ ಟೆನ್ ಶೈಲಿ ಮಧ್ಯ ಯುರೋಪಿನಲ್ಲಿ ಕ್ರಿ.ಪೂ. 450ರ ಸುಮಾರಿಗೆ ಶುರುವಾಯಿತು. ಐರ್ಲೆಂಡಿನ ಗಾಲ್ವೇ ಕಡೆಯ ಟುರೋ ಕಲ್ಲಿನ ಮೇಲೆ ಬಳ್ಳಿಯೂ ಅಲ್ಲದ ಪ್ರಾಣಿಯೂ ಅಲ್ಲದ ಆ ಬಳುಕು ಗೆರೆಗಳಿವೆ. ಹೆಣೆದ ಗಂಟುಗಳು, ಒಂದನ್ನೊಂದು ಕಚ್ಚಿದ ಪ್ರಾಣಿಗಳು ಬರುವುದು ಇನ್ನೂ ತಡವಾಗಿ, ಕ್ರೈಸ್ತ ಮಠಗಳ ಹಸ್ತಪ್ರತಿಗಳಲ್ಲಿ. ಬೈಬಲಿನ ಸುವಾರ್ತೆಗಳನ್ನು ಬರೆದ ಸುಮಾರು 800ರ ಕೆಲ್ಸ್ ಗ್ರಂಥ ಅವುಗಳಲ್ಲಿ ಎಲ್ಲರೂ ಬಲ್ಲದ್ದು. ಇನ್ನು ಲಿರ್‌ನ ಮಕ್ಕಳ ಕಥೆ ಈಗಿನ ರೂಪಕ್ಕೆ ಬಂದದ್ದು ಮಧ್ಯಯುಗದ ಕೊನೆಯ ಭಾಗದಲ್ಲಿ. ಹಾಗಾಗಿ ‘ಆ ಕಾಲದ ಶೈಲಿ’ ಎಂದು ಕೈ ತೋರಿಸಲು ಒಂದೇ ಜಾಗವಿಲ್ಲ, ಕಲಾವಿದ ಆರಿಸಿಕೊಳ್ಳಲೇಬೇಕು.

ನಾನು ಆರಿಸಿಕೊಂಡದ್ದು ಹಸ್ತಪ್ರತಿಗಳ ಹೆಣಿಗೆ. ಈ ಮಕ್ಕಳ ಕಥೆಯೇ ಬಿಡಿಸಿಕೊಳ್ಳಲಾಗದ ಬಂಧದ್ದು, ಶಾಪದ ಬಂಧ ಒಂದು, ಒಡಹುಟ್ಟಿದವರ ಬಂಧ ಇನ್ನೊಂದು. ಹೆಣಿಗೆ ಅಂಚಿನ ಅಲಂಕಾರವಾಗಿ ನಿಲ್ಲದೆ ಕಥೆ ಹೇಳಬೇಕು ಎಂಬುದು ನನ್ನ ಹಟ. ಪುಟದ ಸುತ್ತ ಗಂಟಿನ ಚೌಕಟ್ಟು ಹಾಕಿ, ನಡುವೆ ಯಾವುದೋ ಶೈಲಿಯ ರಾಜಕುಮಾರಿಯನ್ನು ಕೂರಿಸಿದ ಪುಸ್ತಕಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ನ್ಯೂಗ್ರೇಂಜ್ ಸುರುಳಿಯನ್ನೂ ನಾನು ಪೂರ್ತಿ ಬಿಡಲಿಲ್ಲ. ಲಿರ್ ಸೇರಿದ ದೈವಕುಲದವರು ದಿಬ್ಬಗಳ ಒಳಗೆ ವಾಸಿಸುತ್ತಾರೆ ಎನ್ನುತ್ತವೆ ಕಥೆಗಳು. ಆದ್ದರಿಂದ ಲಿರ್‌ನ ಮನೆಯ ಬಾಗಿಲಿನ ಕಲ್ಲಿನ ಮೇಲೆ, ಅವನಿಗಿಂತ ಹಳೆಯ ಗುರುತಾಗಿ, ಸವೆದ ಸುರುಳಿ ಕೆತ್ತಿದೆ.

ಹಂಸ ಯಾವುದು ಎಂಬುದನ್ನು ತೀರ್ಮಾನಿಸಿಕೊಟ್ಟವಳು ತರಗತಿಯ ಒಬ್ಬ ಪುಟ್ಟ ಹುಡುಗಿ. ಕರಡು ಚಿತ್ರ ತೋರಿಸುವ ಮುಂಚೆಯೇ ಅವಳ ಪ್ರಶ್ನೆ: “ಆಂಟಿ, ಹಂಸ ನಿಜವಾಗ್ಲೂ ಹಾಡುತ್ತಾ? ನಮ್ಮ ಪಾರ್ಕಲ್ಲಿರೋದು ಬುಸ್ ಅನ್ನುತ್ತೆ ಅಷ್ಟೆ.” ಪಾರ್ಕಿನ ಕಾಲುವೆಗಳಲ್ಲಿ ಕಾಣುವುದು ಮ್ಯೂಟ್ ಹಂಸ, ಕಿತ್ತಳೆ ಕೊಕ್ಕು, ಕೊಕ್ಕಿನ ಬುಡದಲ್ಲಿ ಕಪ್ಪು ಗುಬುಟು, ಕತ್ತು ಬಾಗಿದ ಚೆಲುವೆ. ಹೆಚ್ಚು ದನಿ ಮಾಡುವ ಹಕ್ಕಿ ಅಲ್ಲ. ಹಾಡುವುದು ವೂಪರ್ ಹಂಸ. ಐಸ್‌ಲೆಂಡಿನಿಂದ ಅಕ್ಟೋಬರ್ ಹೊತ್ತಿಗೆ ಬಂದಿಳಿದು ಏಪ್ರಿಲ್‌ವರೆಗೆ ಇಲ್ಲಿನ ಕೆರೆ ಸರೋವರಗಳಲ್ಲಿ, ನೀರು ನಿಂತ ಹೊಲಗಳಲ್ಲಿ ಮೇಯುತ್ತದೆ. ಕೊಕ್ಕು ಹಳದಿ, ತುದಿ ಕಪ್ಪು. ಕತ್ತು ನೆಟ್ಟಗೆ ಕಂಬದಂತೆ. ಹಿಂಡು ಹಾರುವಾಗ ತುತ್ತೂರಿಯ ದನಿ ದೂರದಿಂದಲೇ ಕೇಳುತ್ತದೆ. ಚಳಿಗಾಲದಲ್ಲಿ ಡೆರವಾರಾ ಸರೋವರವಿರುವ ವೆಸ್ಟ್‌ಮೀತ್ ಕಡೆಗೆ ಹೋಗಿ ಹೊಲದ ಬೇಲಿಯ ಪಕ್ಕ ನಿಂತು ಅವನ್ನು ಬರೆದುಕೊಂಡೆ. ಬೆರಳು ಮರಗಟ್ಟಿ ಪೆನ್ಸಿಲ್ ಜಾರುತ್ತಿದ್ದರೂ ಎದ್ದು ಬರಲು ಮನಸ್ಸಿರಲಿಲ್ಲ. ಹಸ್ತಪ್ರತಿಯ ಹೆಣಿಗೆಗೆ ಮ್ಯೂಟ್ ಹಂಸದ ಬಾಗಿದ ಕತ್ತು ತಾನಾಗಿ ಒಗ್ಗುತ್ತದೆ, ನಿಜ. ಆದರೂ ಹಾಡಬೇಕಾದ ಹಕ್ಕಿ ಹಾಡುವ ಹಕ್ಕಿಯೇ ಆಗಿರಬೇಕು. ವೂಪರ್ ನಿದ್ದೆ ಮಾಡುವಾಗ, ಗರಿ ಒಪ್ಪ ಮಾಡಿಕೊಳ್ಳುವಾಗ ಅದರ ಕತ್ತೂ ಎಲ್ಲ ಕಡೆಗೂ ಹೊರಳುತ್ತದೆ. ನಾನು ಹೆಣೆದದ್ದು ಆ ಭಂಗಿಗಳನ್ನು.

ಹೆಣಿಗೆ ಕಟ್ಟುವ ಬಗೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಜಾರ್ಜ್ ಬೇನ್ ಎಂಬ ಕಲಾ ಅಧ್ಯಾಪಕರು ಹಳೆಯ ಕಲ್ಲು, ಹಸ್ತಪ್ರತಿಗಳನ್ನು ಅಳೆದು ನೋಡಿ, ಇದರ ರೇಖಾಗಣಿತವನ್ನು 1951ರಲ್ಲಿ ಪುಸ್ತಕವಾಗಿ ತಂದರು. ತಳಪಾಯ ಚುಕ್ಕಿಗಳ ಜಾಲರಿ. ನಮ್ಮಲ್ಲಿ ಚುಕ್ಕಿಗಳನ್ನು ಸುತ್ತುವ ಎಳೆ ರಂಗೋಲಿ ಹಾಕಿ ಅಭ್ಯಾಸವಿದ್ದವರ ಕೈಗೆ ಇದು ಬೇಗ ಹತ್ತುತ್ತದೆ, ನನಗೂ ಹತ್ತಿತು. ಮೊದಲು ಚುಕ್ಕಿ ಇಟ್ಟು, ಎಲ್ಲಿ ಗೆರೆ ಮುಂದೆ ಹೋಗದೆ ತಿರುಗಬೇಕೋ ಅಲ್ಲಿ ಎರಡು ಚುಕ್ಕಿಗಳ ನಡುವೆ ಸಣ್ಣ ಅಡ್ಡಗೋಡೆ ಹಾಕುತ್ತೇನೆ. ಆಮೇಲೆ ಗೆರೆಯನ್ನು ಓರೆಯಾಗಿ ಬಿಡುತ್ತೇನೆ, ಗೋಡೆ ಸಿಕ್ಕಲ್ಲಿ ಅದು ಹೊರಳುತ್ತದೆ. ಒಂಟಿ ಗೆರೆ ಮುಗಿದ ಮೇಲೆ ಅದರ ಎರಡೂ ಮಗ್ಗುಲಿಗೆ ಗೆರೆ ಎಳೆದರೆ ಪಟ್ಟಿಯಾಗುತ್ತದೆ. ಆಮೇಲೆ ಒಂದು ತುದಿಯಿಂದ ಹೊರಟು, ಪ್ರತಿ ಕೂಡುಗೆರೆಯಲ್ಲಿ ‘ಮೇಲೆ, ಕೆಳಗೆ, ಮೇಲೆ, ಕೆಳಗೆ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಅಡಿಗೆ ಹೋಗುವ ತುಂಡುಗಳನ್ನು ರಬ್ಬರಿನಿಂದ ಅಳಿಸುತ್ತ ಹೋಗುತ್ತೇನೆ. ಜಾಲರಿ ಸರಿಯಿದ್ದರೆ ಈ ಲೆಕ್ಕ ಎಂದೂ ತಪ್ಪುವುದಿಲ್ಲ. ಎರಡು ‘ಮೇಲೆ’ ಪಕ್ಕಪಕ್ಕ ಬಂದರೆ ದೋಷ ನಮ್ಮ ಎಣಿಕೆಯಲ್ಲೋ ಕೆಳಗಿನ ಕಟ್ಟೋಣದಲ್ಲೋ ಇದೆ ಎಂದೇ ಅರ್ಥ.

ಬ್ರಿಟಿಷ್ ಲೈಬ್ರರಿಯಲ್ಲಿರುವ ಲಿಂಡಿಸ್‌ಫಾರ್ನ್ ಗ್ರಂಥದ ಚರ್ಮದ ಹಾಳೆಗಳ ಹಿಂಬದಿಯಲ್ಲಿ ಕೈವಾರದ ಮೊನೆ ಚುಚ್ಚಿದ ಗುರುತುಗಳು, ವಿನ್ಯಾಸದ ಗೆರೆಗಳು ಇಂದಿಗೂ ಉಳಿದಿವೆ. ಸುಮಾರು 1,300 ವರ್ಷದ ಹಿಂದಿನ ಆ ಕೈಯೂ ಮೊದಲು ಅಳತೆ ಹಾಕಿ ಆಮೇಲೆ ಬಣ್ಣಕ್ಕೆ ಇಳಿದಿತ್ತು. ಅದರ ಹಾಳೆಗಳ ತುಂಬ ಉದ್ದ ಕತ್ತಿನ ಹಕ್ಕಿಗಳು ಒಂದನ್ನೊಂದು ಕಚ್ಚಿಕೊಂಡಿವೆ. ಆ ಹೆಣಿಗೆಯನ್ನು ತೆಗೆದುಕೊಂಡೆ, ಕಚ್ಚುವುದನ್ನು ಬಿಟ್ಟೆ. ನನ್ನ ನಾಲ್ಕು ಹಂಸಗಳಲ್ಲಿ ಪ್ರತಿಯೊಂದರ ತಲೆ ಇನ್ನೊಂದರ ಬೆನ್ನಿನ ಮೇಲೆ ಒರಗುತ್ತದೆ. ಸರೋವರದ ಪುಟದಲ್ಲಿ ಹೆಣಿಗೆ ಸಡಿಲ, ಒಂದೊಂದು ಕತ್ತನ್ನೂ ಕಣ್ಣಿನಲ್ಲೇ ಹಿಂಬಾಲಿಸಬಹುದು. ಬಿರುಗಾಳಿಯಲ್ಲಿ ನಾಲ್ಕು ಗೆರೆಗಳೂ ಕಿತ್ತುಹೋಗಿ ಪುಟದ ನಾಲ್ಕು ಮೂಲೆ ಸೇರುತ್ತವೆ, ಇಡೀ ಪುಸ್ತಕದಲ್ಲಿ ಹೆಣಿಗೆ ಇಲ್ಲದ ಪುಟ ಅದೊಂದೇ. ಹಾಳೆ ಮಗುಚಿದರೆ ಬಂಡೆಯ ಮೇಲೆ ಅತ್ಯಂತ ಬಿಗಿಯಾದ ಗಂಟು.

ಬಿರುಗಾಳಿಯ ಕಪ್ಪನ್ನು ಕಲಿತದ್ದು ಹ್ಯಾರಿ ಕ್ಲಾರ್ಕ್ ಅವರಿಂದ. ಡಬ್ಲಿನ್ನಿನ ಈ ಕಲಾವಿದರು (1889–1931) ಬಣ್ಣದ ಗಾಜಿನ ಕಿಟಕಿಗಳಿಗೂ ಪುಸ್ತಕದ ಮಸಿ ಚಿತ್ರಗಳಿಗೂ ಹೆಸರಾದವರು. ಕಪ್ಪನ್ನು ದೊಡ್ಡ ಹರವಾಗಿ ಬಿಟ್ಟು, ಅದರೊಳಗೆ ಕೂದಲೆಳೆಯಷ್ಟು ಸೂಕ್ಷ್ಮ ಬಿಳಿ ಉಳಿಸುತ್ತಾರೆ. ನಾನೂ ನುಣುಪು ಮೈಯ ಜಲವರ್ಣ ಕಾಗದದ ಮೇಲೆ (ಒರಟು ಕಾಗದಕ್ಕೆ ನಿಬ್ಬು ಸಿಕ್ಕಿಕೊಳ್ಳುತ್ತದೆ) ಕಡಲನ್ನು ಪೂರ್ತಿ ಮಸಿಯಲ್ಲಿ ತುಂಬಿ ಹಕ್ಕಿಗಳನ್ನು ಕಾಗದದ ಬಿಳಿಯಾಗಿಯೇ ಉಳಿಸಿದೆ. ಅವರಂತೆ ಈ ನಾಡಿನ ಹಳೆಯ ಕಥೆಗಳನ್ನು ಮತ್ತೆ ಎತ್ತಿ ಹಿಡಿದ ಆ ಪೀಳಿಗೆಯ ಒಬ್ಬರು ನಮಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಎಳೆಯ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದ ಜೇಮ್ಸ್ ಕಸಿನ್ಸ್. 1915ರಲ್ಲಿ ಭಾರತಕ್ಕೆ ಬರುವ ಮುನ್ನ ಅವರು ಡಬ್ಲಿನ್ನಿನಲ್ಲಿ ಯೇಟ್ಸ್ ಮುಂತಾದವರ ಜೊತೆಗಿದ್ದ ಕವಿ, ನಾಟಕಕಾರ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳುವುದರಲ್ಲೂ ಅವರ ಕೈಯಿತ್ತು. ನಾನು ಚಿತ್ರ ನೋಡಲು ಕಲಿತದ್ದು ಆ ಚಿತ್ರಶಾಲೆಯಲ್ಲಿ. ಅವರು ಬಿಟ್ಟುಬಂದ ಊರಿನಲ್ಲಿ ಕೂತು ಈ ಕೆಲಸ ಮಾಡುವಾಗ ಆ ಋಣ ನೆನಪಾಗುತ್ತಲೇ ಇತ್ತು.

ಬಣ್ಣ ಕಡಿಮೆ. ಕೆಲ್ಸ್ ಗ್ರಂಥದ ಬಣ್ಣಗಳೂ ಎಣಿಸಿದಷ್ಟೇ: ಹಳದಿಗೆ ಅರದಾಳ (ನಮ್ಮ ಭೂತಕೋಲದ ಮುಖಕ್ಕೆ ಹಚ್ಚುವ ಅದೇ ಖನಿಜ), ಕೆಂಪಿಗೆ ಸೀಸದ ಸಿಂಧೂರ, ಹಸಿರಿಗೆ ತಾಮ್ರದ ಕಿಲುಬು, ನೀಲಿಗೆ ಗಿಡದಿಂದ ತೆಗೆದ ನೀಲಿ. ಅರದಾಳ, ಸೀಸ ಎರಡೂ ವಿಷ, ಮಕ್ಕಳ ಕೈಗೆ ಹೋಗುವ ಮೂಲ ಚಿತ್ರಗಳಿಗೆ ಹಚ್ಚುವಂಥವಲ್ಲ. ಅವುಗಳಿಗೆ ಹೊಂದುವ ಇಂದಿನ ಜಲವರ್ಣಗಳನ್ನು ಬೆರೆಸಿಕೊಂಡೆ. ಹಳದಿಯನ್ನು ಹಂಸದ ಕೊಕ್ಕಿಗೆ ಮಾತ್ರ ಮೀಸಲಿಟ್ಟದ್ದರಿಂದ ಪ್ರತಿ ಪುಟದಲ್ಲೂ ಹಾಡು ಎಲ್ಲಿದೆ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ.

ಮೈ ಬದಲಾಗುವ ಗಳಿಗೆಯನ್ನು ನಾನು ಬರೆಯಲಿಲ್ಲ. ಡಬ್ಲಿನ್ನಿನ ಸ್ಮರಣೋದ್ಯಾನದಲ್ಲಿ ಒಷೀನ್ ಕೆಲ್ಲಿ ಅವರ 1971ರ ಕಂಚಿನ ಶಿಲ್ಪವಿದೆ. ಮಕ್ಕಳು ಕೆಳಗೆ ಕುಸಿಯುತ್ತಿದ್ದಾರೆ, ಅವರಿಂದಲೇ ಹಂಸಗಳು ಮೇಲೇಳುತ್ತಿವೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅದರ ಬದಲು ನೀರಿಗಿಳಿಯುವ ನಾಲ್ಕು ಜೊತೆ ಕಾಲು, ದಡದಲ್ಲಿ ಈಫಾಳ ನೆರಳು, ಅಷ್ಟೇ ಬರೆದೆ.

ಕಥೆಯ ಕೊನೆಗೆ ಒಬ್ಬ ಸಂತ ಹಂಸಗಳನ್ನು ಜೋಡಿ ಜೋಡಿಯಾಗಿ ಬೆಳ್ಳಿಯ ಸರಪಳಿಯಿಂದ ಸೇರಿಸುತ್ತಾನೆ. ಇಲ್ಲಿವರೆಗೆ ಕತ್ತುಗಳಲ್ಲಿದ್ದ ಹೆಣಿಗೆಯನ್ನು ಈ ಪುಟದಲ್ಲಿ ಲೋಹಕ್ಕೆ ಇಳಿಸಿದೆ. ಮಾದರಿ ಐರ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯದ ಟಾರಾ ಬ್ರೂಚ್. ಅಂಗೈಯಲ್ಲಿ ಹಿಡಿಯುವಂಥ ಆ ಒಡವೆಗೆ ಬೆಳ್ಳಿ ತಂತಿ ಹೆಣೆದ ಸರವೊಂದು ನೇತಾಡುತ್ತದೆ. ಪ್ರಾಚ್ಯವಸ್ತು ತಜ್ಞರು ಈ ಬಗೆಯ ಹೆಣಿಗೆಗೆ ತಿರುಚಿನಾಪಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಒಂದೊಂದು ಕೊಂಡಿಯನ್ನೂ ದೊಡ್ಡದಾಗಿ ಬರೆದುಕೊಂಡೆ. ಸಮಾಧಿಯ ಪುಟಕ್ಕೆ ಹೊಸ ವಿನ್ಯಾಸ ಬೇಕಾಗಲಿಲ್ಲ. ಬಂಡೆಯ ಪುಟದ ಜಾಲರಿಯನ್ನೇ ಟ್ರೇಸಿಂಗ್ ಹಾಳೆಯಲ್ಲಿ ಎತ್ತಿ, ರೆಕ್ಕೆಗಳಿದ್ದಲ್ಲಿ ಸುಕ್ಕುಗಟ್ಟಿದ ತೋಳುಗಳನ್ನು ಇಟ್ಟೆ. ತರಗತಿಯಲ್ಲಿ ಎರಡು ಪುಟಗಳನ್ನೂ ಪಕ್ಕಪಕ್ಕ ಹಿಡಿದಾಗ ನಾನೇನೂ ವಿವರಿಸಬೇಕಾಗಲಿಲ್ಲ, ಮಕ್ಕಳೇ ಬೆರಳಿಟ್ಟು ಕಾನ್, ಫಿಯಾಕ್ರಾ, ಏಡ್ ಎಂದು ಜಾಗ ಗುರುತಿಸಿದರು.

ಈ ಕೆಲಸಕ್ಕೆ ಕೈಹಾಕುವವರು ಮೊದಲು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಕೆಲ್ಸ್ ಗ್ರಂಥದ ಪುಟಗಳನ್ನು ಹಿಗ್ಗಿಸಿ ನೋಡಿ. 34ನೇ ಹಾಳೆಯ ಮುಂಬದಿಯಲ್ಲಿ, ದೊಡ್ಡ ಅಕ್ಷರದ ಅಡಿಯಲ್ಲಿ, ಬೆಕ್ಕುಗಳೂ ಇಲಿಗಳೂ ಮೀನು ಹಿಡಿದ ನೀರುನಾಯಿಯೂ ಸಿಗುತ್ತವೆ. ಅವನ್ನು ಹುಡುಕುತ್ತ ಸುತ್ತಲಿನ ಒಂದು ಪಟ್ಟಿಯನ್ನು ಹಿಡಿದು ಅದರ ತುದಿ ಸಿಗುವವರೆಗೆ ಪೆನ್ಸಿಲಿನಲ್ಲಿ ಹಿಂಬಾಲಿಸಿ. ನಾನೀಗ ಐರಿಶ್ ಪುರಾಣದ ವೀರ ಕುಖುಲಿನ್‌ನ ಕಥೆಗೆ ಜಾಲರಿ ಹಾಕುತ್ತಿದ್ದೇನೆ. ಅದರಲ್ಲಿ ಯುದ್ಧದೇವತೆ ಮೊರಿಗನ್ ಹಾವುಮೀನಾಗಿ, ತೋಳವಾಗಿ, ಕೆಂಪು ಕಿವಿಯ ಕಡಸಾಗಿ ಬರುತ್ತಾಳೆ. ಹಾವುಮೀನು ಅವನ ಕಾಲಿಗೆ ಸುತ್ತಿಕೊಳ್ಳುವ ಚಿತ್ರದಿಂದ ಶುರುಮಾಡಿದ್ದೇನೆ.