ಒಂದು ‘ನೋಡಿದೆನು’, ಮೂರು ಇಂಗ್ಲಿಷ್ ಕ್ರಿಯಾಪದ

ಕಲಬುರಗಿಯ ಹೈಕೋರ್ಟ್ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಮೇಲೆ, ಬೀದರ್, ಯಾದಗಿರಿ ಕಡೆಯ ಕೆಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ಊರಿನಲ್ಲಿಯೇ ಸಿಗತೊಡಗಿತು. ಮೇಲ್ಮನವಿಯ ಕಡತದೊಂದಿಗೆ ವಕೀಲರು ತರುವ ಈ ಹಾಳೆಗಳನ್ನು ನಾನು ಹಲವು ವರ್ಷಗಳಿಂದ ಅನುವಾದಿಸುತ್ತಿದ್ದೇನೆ. ಕಾನೂನಿನ ಪಾರಿಭಾಷಿಕ ಪದಗಳು ನನ್ನನ್ನು ಅಷ್ಟಾಗಿ ಕಾಡಿದ್ದಿಲ್ಲ, ಅವಕ್ಕೆ ನಿಘಂಟುಗಳಿವೆ. ಕಾಡಿದ್ದು ನೋಡು, ಕೇಳು, ಹೇಳು, ಹೊಡೆ ಎಂಬ ದಿನಬಳಕೆಯ ಮಾತುಗಳು.

ಆರಂಭದ ದಿನಗಳಲ್ಲಿ ಹೊಲದ ಬದುವಿನ ಜಗಳವೊಂದರ ಸಾಕ್ಷಿ, ‘ಸಪ್ಪಳ ಕೇಳಿ ಹೊರಗೆ ಬಂದು ನೋಡಿದೆನು. ಆರೋಪಿಯು ಬಡಿಗೆಯಿಂದ ಹೊಡೆಯುವುದನ್ನು ನೋಡಿದೆನು’ ಎಂದಿದ್ದ. ನಾನು ಎರಡು ಕಡೆಯೂ ‘ವಾಚ್’ ಬಳಸಿದೆ. ಅದನ್ನು ಓದಿದ ಹಿರಿಯ ವಕೀಲರು ನನ್ನನ್ನು ಕರೆಸಿ, ‘ಏನ್ರಿ, ಇವಾ ನಿಂತು ಬಯಲಾಟ ನೋಡಿದಂಗ ನೋಡ್ಯಾನೇನು?’ ಎಂದು ಕೇಳಿದರು. ‘ವಾಚ್’ ಎಂದರೆ ನಡೆಯುತ್ತಿರುವುದನ್ನು ಒಂದಷ್ಟು ಹೊತ್ತು ಗಮನವಿಟ್ಟು ನೋಡುವುದು. ಹಾಗಿದ್ದರೆ ಹೋಗಿ ಬಿಡಿಸಲಿಲ್ಲವೇಕೆ ಎಂಬ ಪ್ರಶ್ನೆಯನ್ನು ನಾನೇ ಎದುರು ಪಕ್ಷದವರ ಕೈಗೆ ಕೊಟ್ಟಂತಾಗಿತ್ತು. ಮೊದಲನೆಯ ‘ನೋಡಿದೆನು’ ಆತ ಕಣ್ಣು ಹಾಯಿಸಿದ್ದು, ಅದು ‘ಲುಕ್’. ಎರಡನೆಯದು ಕಣ್ಣಿಗೆ ಬಿದ್ದದ್ದು, ಅದು ‘ಸೀ’.

ಅದೇ ವಾಕ್ಯದ ‘ಕೇಳಿ’ಯೂ ತಾನಾಗಿ ಕಿವಿಗೆ ಬಿದ್ದದ್ದಾದ್ದರಿಂದ ‘ಹಿಯರ್’ ಆಗಬೇಕೇ ಹೊರತು, ಕಿವಿಗೊಟ್ಟು ಕೇಳುವ ‘ಲಿಸನ್’ ಅಲ್ಲ. ಕನ್ನಡದ ‘ಕೇಳು’ವಿಗೆ ‘ಆಸ್ಕ್’ ಎಂಬ ಮೂರನೆಯ ಮುಖವೂ ಇದೆ. ಉರ್ದು ಮನೆಮಾತಿನ ನನ್ನ ಜೊತೆಗಾರನಿಗೆ ‘ಪೂಛನಾ’ ಬೇರೆ, ‘ಸುನನಾ’ ಬೇರೆಯಾಗಿರುವುದರಿಂದ ಅಲ್ಲಿ ತೊಡಕಿಲ್ಲ. ಹಿಯರ್ ಮತ್ತು ಲಿಸನ್ ಎದುರಾದಾಗ ಮಾತ್ರ ಅವನೂ ನನ್ನಂತೆಯೇ ತಡವರಿಸುತ್ತಾನೆ.

‘ಹೊಡೆದನು’ ಎಂಬಲ್ಲಿ ಏಟುಗಳನ್ನು ಎಣಿಸಿಕೊಳ್ಳುತ್ತೇನೆ. ಒಂದೇ ಏಟಾದರೆ ‘ಹಿಟ್’ ಅಥವಾ ‘ಸ್ಟ್ರೈಕ್’, ಮೇಲಿಂದ ಮೇಲೆ ಬಿದ್ದರೆ ‘ಬೀಟ್’, ಅಂಗೈಯಿಂದ ಕಪಾಳಕ್ಕಾದರೆ ‘ಸ್ಲ್ಯಾಪ್’. ರೂಢಿಗೆ ಬಿದ್ದು ಎಲ್ಲಕ್ಕೂ ‘ಅಸಾಲ್ಟ್’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಭಾರತೀಯ ದಂಡ ಸಂಹಿತೆಯ 351ನೇ ಕಲಂ ಹೇಳುತ್ತಿದ್ದ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 130ನೇ ಕಲಂ ಹೇಳುವ ‘ಅಸಾಲ್ಟ್’ಗೆ ಏಟು ಬೀಳಲೇಬೇಕೆಂದಿಲ್ಲ, ಹೊಡೆದೇಬಿಟ್ಟಾನು ಎಂಬ ಭಯ ಹುಟ್ಟುವಂತೆ ಕೈಯೆತ್ತಿದರೂ ಸಾಕು.

‘ಹೇಳಿದನು’ ಎಂಬುದಕ್ಕೆ, ಯಾರಿಗೆ ಎಂಬುದು ವಾಕ್ಯದಲ್ಲಿದ್ದರೆ ಬಹುಮಟ್ಟಿಗೆ ‘ಟೆಲ್’, ಇಲ್ಲದಿದ್ದರೆ ‘ಸೇ’ ಅಥವಾ ‘ಸ್ಟೇಟ್’ ಬರೆಯುತ್ತೇನೆ. ‘ಡಿಪೋಸ್’ ಎಂಬುದನ್ನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ನುಡಿದದ್ದಕ್ಕೆ ಮೀಸಲಿಟ್ಟಿದ್ದೇನೆ, ಪೊಲೀಸರ ಮುಂದಿನ ಹೇಳಿಕೆಗೆ ಅದು ಸಲ್ಲದು. ಸಾಕ್ಷಿಯು ಬರಿದೆ ‘ಹೇಳಿದನು’ ಎಂದಿರುವಾಗ ‘ಅಡ್ಮಿಟ್’ ಎಂದರೆ ತಪ್ಪೊಪ್ಪಿಕೊಂಡಂತೆ, ‘ಕ್ಲೇಮ್’ ಎಂದರೆ ನಂಬಲಾಗದಂತೆ ಕೇಳಿಸುತ್ತದೆ.

ಇಷ್ಟಾದರೂ ನಮ್ಮ ಭಾಗದ ‘ಹಚ್ಚು’ ಈಗಲೂ ಪೆನ್ನನ್ನು ನಿಲ್ಲಿಸುತ್ತದೆ. ದೀಪ ಹಚ್ಚುತ್ತಾರೆ, ಅರಿಶಿನ ಹಚ್ಚುತ್ತಾರೆ, ಹೊಲಕ್ಕೆ ಆಳು ಹಚ್ಚುತ್ತಾರೆ, ಅಷ್ಟಕ್ಕೆ ಯೋಚಿಸಬೇಕಾಗಿಲ್ಲ. ಆದರೆ ‘ಮೈಗೆ ಕೈ ಹಚ್ಚಿದನು’ ಎಂಬುದಕ್ಕೆ ‘ಟಚ್’ ಎಂದರೆ ಕೆಲವೊಮ್ಮೆ ಕಡಿಮೆಯಾಗುತ್ತದೆ, ‘ಹಿಟ್’ ಎಂದರೆ ಖಂಡಿತ ಹೆಚ್ಚಾಗುತ್ತದೆ. ಅಂಥಲ್ಲಿ ಇಡೀ ಹೇಳಿಕೆಯನ್ನು ಇನ್ನೊಮ್ಮೆ ಓದಿ, ಗಾಯದ ಪ್ರಸ್ತಾಪವಿಲ್ಲದಿದ್ದರೆ ‘ಲೇಡ್ ಹ್ಯಾಂಡ್ಸ್ ಆನ್’ ಎಂದು ಬರೆದು, ಕನ್ನಡದ ಮೂಲ ಮಾತನ್ನು ಪಕ್ಕದಲ್ಲಿಯೇ ಉಳಿಸುತ್ತೇನೆ.