ಸಲಾಡ್ ಬಾಡದಿರಲು ಎರಡು ಚಮಚಗಳ ಉಪಾಯ
ಸೊಪ್ಪಿನ ಸಲಾಡಿಗೆ ಡ್ರೆಸ್ಸಿಂಗನ್ನು ಮೇಲಿಂದ ಸುರಿಯಬೇಡಿ; ಫ್ರೆಂಚ್ ಮನೆಗಳಲ್ಲಿ ಮಾಡುವಂತೆ ಬಟ್ಟಲಿನ ತಳದಲ್ಲೇ ಕಲಸಿಕೊಳ್ಳಿ. ಒಂದು ಚಮಚ ವಿನೆಗರ್‌ಗೆ ಮೊದಲು ಉಪ್ಪು (ಎಣ್ಣೆಯಲ್ಲಿ ಅದು ಕರಗದು), ಆಮೇಲೆ ಅರ್ಧ ಚಮಚ ದಿಜೋನ್ ಸಾಸಿವೆ (ಫ್ರೆಂಚ್ ಶೈಲಿಯ ಸಾಸಿವೆ ಪೇಸ್ಟ್), ಕೊನೆಗೆ ಮೂರು ಚಮಚ ಎಣ್ಣೆ ಹಾಕಿ ಮಂದವಾಗುವವರೆಗೆ ಕದಡಿ. ಬಡಿಸುವ ಎರಡು ದೊಡ್ಡ ಚಮಚಗಳನ್ನು ಅದರ ಮೇಲೆ ಕತ್ತರಿಯಂತೆ ಅಡ್ಡಲಾಗಿಟ್ಟು ಲೆಟಿಸ್ ಎಲೆಗಳನ್ನು ಹೇರಿ. ಎಲೆಗೆ ಹುಳಿ, ಉಪ್ಪು ತಾಗದ್ದರಿಂದ ಗರಿಗರಿಯಾಗಿಯೇ ಇರುತ್ತದೆ. ಫ್ರಾನ್ಸಿನಲ್ಲಿ ಹಸಿರು ಸಲಾಡ್ ಬರುವುದು ಸಾಮಾನ್ಯವಾಗಿ ಮುಖ್ಯ ಖಾದ್ಯದ ನಂತರ, ಚೀಸಿಗೆ ಮುಂಚೆ; ಅಷ್ಟು ಹೊತ್ತು ಅದು ಕಾಯಬೇಕಲ್ಲ! ತಿನ್ನುವ ಮುನ್ನವಷ್ಟೇ ತಳದಿಂದ ಮೇಲಕ್ಕೆ ತಿರುವಿ. ತೊಳೆದ ಎಲೆಯಲ್ಲಿ ನೀರು ಉಳಿದಿದ್ದರೆ ಮಾತ್ರ ಎಲ್ಲವೂ ನೀರುನೀರು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ತುರಿದ ಕ್ಯಾರೆಟ್‌ಗೆ ಈ ಉಪಾಯ ಬೇಡ. ಅದು ಮೊದಲೇ ಕಲಸಿಟ್ಟರೇ ರುಚಿ.