ಬೀಳ್ಕೊಡುಗೆ ಭಾಷಣದ ಬದಲು

ಮಂಡ್ಯದಲ್ಲಿ ಬಿ.ಕಾಂ. ಮಕ್ಕಳಿಗೆ ಆಡಿಟಿಂಗ್ ಪಾಠ ಮಾಡುತ್ತೇನೆ. ಡಿಗ್ರಿ ಮುಗಿಸಿ ಹೋಗುವವರಿಗೆ ‘ಸತ್ಯ ಬಿಡಬೇಡಿ, ಒಳ್ಳೆಯವರಾಗಿ ಬಾಳಿ’ ಅಂತ ಹೇಳುವುದು ನಮ್ಮಲ್ಲಿ ವಾಡಿಕೆ. ಬೀಳ್ಕೊಡುಗೆ ದಿನ ವೇದಿಕೆ ಮೇಲಿಂದ ಹೇಳುತ್ತೇವೆ. ಅವರು ಚಪ್ಪಾಳೆ ತಟ್ಟಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸತ್ಯ ಹೇಳುವುದೂ ಕೈಗೆ ಅಭ್ಯಾಸವಾಗಬೇಕಾದ ಕೆಲಸ, ಭಾಷಣದಿಂದ ಬರುವಂಥದ್ದಲ್ಲ. ಅದಕ್ಕೇ ಕೊನೇ ಸೆಮಿಸ್ಟರ್‌ನಲ್ಲಿ ಶನಿವಾರದ ಒಂದು ಪೀರಿಯಡ್ ಇದಕ್ಕೆ ಅಂತ ಇಟ್ಟುಕೊಂಡಿದ್ದೇನೆ.

ಶುರು ಮಾಡುವುದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನಿಂದ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕ ಸುಳ್ಳು ಅಂತ ಒಪ್ಪಿಕೊಂಡರು. ನಗದು, ಬ್ಯಾಂಕ್ ಬಾಕಿ ಅಂತ ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಪರೀಕ್ಷೆಗೆ ಇಷ್ಟು ಸಾಕು. ನಾನು ಇನ್ನೆರಡು ವಿಷಯಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಮೊದಮೊದಲು ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ್ದಕ್ಕೂ ವ್ಯತ್ಯಾಸ ಸಣ್ಣದಿತ್ತು, ವರ್ಷ ಕಳೆದಂತೆ ಬೆಳೆಯಿತು ಅಂತ ರಾಜು ಅವರೇ ಬರೆದಿದ್ದಾರೆ. ಇನ್ನು ಆಡಿಟರುಗಳು ಬ್ಯಾಂಕನ್ನು ನೇರವಾಗಿ ಕೇಳದೆ, ಕಂಪನಿಯವರೇ ತಂದುಕೊಟ್ಟ ಬ್ಯಾಂಕ್ ಪತ್ರಗಳನ್ನು ನಂಬಿದರು. ‘ಯಾರಿಗೆ ಗೊತ್ತಿರುತ್ತದೋ ಅವರನ್ನೇ ಕೇಳಿ’ ಅಂತ ಬೋರ್ಡಿನ ಮೇಲೆ ಬರೆದು ಫೋನ್ ಹೊರಗೆ ತೆಗೆಯಿರಿ ಅನ್ನುತ್ತೇನೆ. ಮನೆ ಗ್ರೂಪಿಗೆ ಬಂದ ಒಂದು ಸುದ್ದಿ ಹಿಡಿದು, ಅದಕ್ಕೆ ವೋಚರ್, ಅಂದರೆ ನಿಜ ಅನ್ನುವುದಕ್ಕೆ ಆಧಾರ, ಇದೆಯಾ ಅಂತ ಹುಡುಕಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಇಂಥ ಸುದ್ದಿಗೆ ಬರವಿಲ್ಲ. ಶ್ರೀರಂಗಪಟ್ಟಣದ ಕಡೆಯ ಹುಡುಗಿಯೊಬ್ಬಳು ತೋರಿಸಿದ್ದು ಹೀಗಿತ್ತು: ‘ಕೆಆರ್‌ಎಸ್ 130 ಅಡಿ ದಾಟಿದೆ, ರಾತ್ರಿ ಎಲ್ಲ ಗೇಟ್ ತೆಗೀತಾರೆ, ಊರು ಬಿಡಿ’. ಜೊತೆಗೊಂದು ವಿಡಿಯೊ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಣೆಕಟ್ಟೆಯ ಗರಿಷ್ಠ ಮಟ್ಟವೇ 124.80 ಅಡಿ, ಮಂಡ್ಯದ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಿಲ್ಲ. ಅವಳು ಅಲ್ಲಿಗೇ ನಿಲ್ಲಲಿಲ್ಲ. ಆ ದಿನದ ಪೇಪರಿನಲ್ಲಿ ನೀರಿನ ಮಟ್ಟ, ಒಳಹರಿವು, ಹೊರಹರಿವು ನೋಡಿದಳು. ವಿಡಿಯೊದ ಒಂದು ಚಿತ್ರವನ್ನು ಗೂಗಲ್ ಲೆನ್ಸಿಗೆ ಹಾಕಿದಳು. ಅದು ಯಾವುದೋ ಬೇರೆ ಅಣೆಕಟ್ಟೆಯ ಹಳೇ ವಿಡಿಯೊ.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಸುದ್ದಿ ಕಳಿಸಿದ್ದು ಅವಳ ದೊಡ್ಡಪ್ಪ. ‘ಇದು ಫೇಕ್, ನೋಡದೆ ಯಾಕೆ ಕಳಿಸ್ತೀರಾ?’ ಅಂತ ಗ್ರೂಪಿನಲ್ಲೇ ಹಾಕಲು ಟೈಪ್ ಮಾಡಿಟ್ಟಿದ್ದಳು. ಅವಳು ಬರೆದದ್ದೇನೂ ಸುಳ್ಳಲ್ಲ. ಆದರೆ ಊರಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ಹಿರಿಯರನ್ನು ಎಲ್ಲರೆದುರು ಹಾಗೆ ಕೇಳಿದರೆ ಅವರು ಒಪ್ಪುತ್ತಾರಾ? ಅವರು ಯಾಕೆ ಕಳಿಸಿದರು ಅಂತ ಯೋಚಿಸು ಅಂದೆ. ‘ಕೊಟ್ಟಿಗೆ ಹೊಳೆ ದಂಡೇಲೇ ಇದೆ ಮೇಡಂ, ಹೆದರಿದ್ದಾರೆ’ ಅಂದಳು. ಬರೆದಿದ್ದನ್ನು ಅಳಿಸಿ ಫೋನ್ ಮಾಡಿದಳು. ‘ದೊಡ್ಡಪ್ಪ, ಪೇಪರಲ್ಲಿ ನೋಡ್ದೆ, ಹೆದರೋ ಅಂಥದ್ದೇನಿಲ್ಲ. ವಿಡಿಯೊ ನಮ್ಮ ಕಟ್ಟೇದಲ್ಲ. ಗ್ರೂಪಲ್ಲಿ ನೀವೇ ಒಂದ್ಮಾತು ಹೇಳ್ಬಿಡಿ, ನೀವು ಹೇಳಿದ್ರೆ ಎಲ್ರೂ ಕೇಳ್ತಾರೆ.’ ಸಂಜೆಯೊಳಗೆ ಅವರೇ ಹಾಕಿದರು. ಅಂದಹಾಗೆ, ಹೊರಹರಿವು ಹೆಚ್ಚಿಸುವ ಮೊದಲು ಕಾವೇರಿ ನೀರಾವರಿ ನಿಗಮದವರು ಕೊಡುವ ಎಚ್ಚರಿಕೆ ಬೇರೆ. ಅದು ಬಂದರೆ ದನಕರು ಹೊಡೆದುಕೊಂಡು ಹೊರಡಲೇಬೇಕು. ಇದನ್ನೂ ಅವಳು ದೊಡ್ಡಪ್ಪನಿಗೆ ಹೇಳಿದಳು.

ಮಕ್ಕಳಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಬಯೋಡೇಟಾದ್ದು. ‘ಮೇಡಂ, ಬೆಂಗಳೂರಲ್ಲಿ ಕನ್ಸಲ್ಟೆನ್ಸಿಯವರು ಎರಡು ವರ್ಷ ಎಕ್ಸ್‌ಪೀರಿಯನ್ಸ್ ಅಂತ ಹಾಕು, ಲೆಟರ್ ನಾವು ಕೊಡ್ತೀವಿ ಅಂತಾರೆ. ಎಲ್ರೂ ಹಾಕ್ತಾರೆ’ ಅಂತ ಒಬ್ಬ ಹುಡುಗ ಕೇಳಿದ. ಸಿಕ್ಕಿಬೀಳುತ್ತೀಯ ಅನ್ನುವುದು ಸುಲಭದ ಉತ್ತರ. ಪಿಎಫ್‌ನ 12 ಅಂಕಿಯ ಯುಎಎನ್ ನಂಬರ್ ಹಿಡಿದರೆ ಯಾವ ಕಂಪನಿಯಲ್ಲಿ ಯಾವಾಗಿಂದ ಇದ್ದೆ ಅನ್ನುವುದು ಹೊರಗೆ ಬರುತ್ತದೆ. ಅದನ್ನೂ ಹೇಳಿದೆ. ಆದರೆ ನನ್ನ ಚಿಂತೆ ಬೇರೆ. ಸುಳ್ಳು ಕಾಗದ ಕೊಟ್ಟು ಒಳಗೆ ಹೋದವನು, ನಾಳೆ ಮ್ಯಾನೇಜರ್ ಬಿಲ್ಲು ತಿದ್ದು ಅಂದರೆ ಆಗಲ್ಲ ಅನ್ನುವುದು ಹೇಗೆ? ಅವನ ಗುಟ್ಟು ಯಾರದೋ ಕೈಯಲ್ಲಿರುತ್ತದಲ್ವಾ.

ಹಾಗಾದರೆ ಬಯೋಡೇಟಾದಲ್ಲಿ ಏನು ಬರೆಯುವುದು? ಇಬ್ಬರೂ ಕೂತೆವು. ಕೆದಕಿದಾಗ ಗೊತ್ತಾಯಿತು, ಅವನ ಚಿಕ್ಕಪ್ಪನ ಆಲೆಮನೆ ಲೆಕ್ಕ ಬರೆಯುತ್ತಿದ್ದದ್ದು ಇವನೇ. ಬಂದ ಕಬ್ಬಿನ ತೂಕ, ಕೂಲಿ ಬಟವಾಡೆ, ಅಚ್ಚು, ಕುರಿಕಾಲಚ್ಚು, ಬಕೆಟ್ ಬೆಲ್ಲಕ್ಕೆ ಬೇರೆ ಬೇರೆ ದರ, ಮಂಡಿಯವರು ಕೊಟ್ಟ ಚೀಟಿಗೆ ತಾಳೆ ನೋಡುವುದು. ‘ಅದೆಲ್ಲ ಎಕ್ಸ್‌ಪೀರಿಯನ್ಸಾ ಮೇಡಂ?’ ಅಂದ. ಮತ್ತಿನ್ನೇನು! ಇದ್ದದ್ದು ಇದ್ದಹಾಗೆ ಬರೆಸಿದೆ. ಮೊದಲ ಕೆಲವು ಇಂಟರ್‌ವ್ಯೂಗಳಲ್ಲಿ ಆಗಲಿಲ್ಲ. ಆಮೇಲೆ ಮೈಸೂರಿನ ಒಂದು ಆಡಿಟ್ ಆಫೀಸಿನಲ್ಲಿ ಸೇರಿಕೊಂಡ. ಸಂಬಳ ಕನ್ಸಲ್ಟೆನ್ಸಿಯವರು ಹೇಳಿದ್ದಕ್ಕಿಂತ ಕಡಿಮೆ. ಅದನ್ನು ಮುಚ್ಚಿಟ್ಟು ಬೇರೆ ಮಕ್ಕಳಿಗೆ ಆಸೆ ತೋರಿಸುವುದಿಲ್ಲ.

ಉಳಿದ ಶನಿವಾರಗಳಲ್ಲಿ ಚಿಕ್ಕ ಚಿಕ್ಕ ಕೆಲಸ. ದಿನಾ ಕ್ಲಾಸ್ ಗುಡಿಸುವವರ ಹೆಸರು ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬರಬೇಕು. ಸಾಲ ತಂದ ನೋಟ್ಸ್ ವಾಪಸ್ ಕೊಡಬೇಕು. ಬರುತ್ತೇನೆ ಅಂದ ಕಡೆ ಹೋಗಲಾಗದಿದ್ದರೆ ಮೊದಲೇ ಫೋನ್ ಮಾಡಿ ಹೇಳಬೇಕು.

ಕೆಲಸಕ್ಕೆ ಸೇರಿದ ಮೇಲೂ ಕೆಲವರು ಫೋನ್ ಮಾಡುತ್ತಾರೆ. ‘ಹಳೇ ತಾರೀಖು ಹಾಕಿ ಎಂಟ್ರಿ ಮಾಡು ಅಂತಾರೆ, ಏನ್ ಮಾಡ್ಲಿ ಮೇಡಂ?’ ಮನೆಯಲ್ಲಿ ಸಾಲ ಇರುವ ಮಕ್ಕಳಿಗೆ ಸುಮ್ನೆ ‘ಕೆಲಸ ಬಿಟ್ಟು ಬಾ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಜಗಳ ಆಡಬೇಡ, ‘ಸರ್, ಇದನ್ನ ಒಂದು ಮೇಲ್‌ನಲ್ಲಿ ಕಳಿಸ್ತೀರಾ, ಮಾಡೋಕಾಗುತ್ತಾ ಇಲ್ವಾ ನೋಡಿ ಹೇಳ್ತೀನಿ’ ಅಂತ ವಿನಯವಾಗಿ ಕೇಳು ಅನ್ನುತ್ತೇನೆ. ಬಹಳ ಸಲ ಆ ಮೇಲ್ ಬರುವುದೇ ಇಲ್ಲ. ಬಂದರೆ, ಉತ್ತರ ಬರೆಯುವ ಮೊದಲು ನನಗೊಂದು ಫೋನ್ ಮಾಡು, ಇಬ್ಬರೂ ಸೇರಿ ಬರೆಯೋಣ ಅಂತ ಹೇಳಿದ್ದೇನೆ.